ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರ ಮಕ್ಕಳು, ಜೊತೆ ಕೆಲಸದವರು, ಪಕ್ಕದ ಮನೆಯವರು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಕೂಡಿಸಿದ್ದೇನೆ. ಉದಾಹರಣೆಗೆ ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್ ಜೋಡಿಯನ್ನು ಇಟ್ಟುಕೊಂಡಿದ್ದೇನೆ. ಲಿನಕ್ಸಿನ ಇನ್ನೊಂದು ಬಗೆಯಾದ ಉಬುಂಟು ಹಾಕುವವರಿಗೂ ಹೆಚ್ಚುಕಡಿಮೆ ಇದೇ ದಾರಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪೆನ್‌ಡ್ರೈವ್ ಚುಚ್ಚುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ವಿಂಡೋಸ್ ಒಳಗೆ ಮುಗಿದಿರಬೇಕು. ಡೇಟಾ ಕಳೆದುಕೊಂಡು ನನ್ನ ಬಳಿ ಬಂದವರೆಲ್ಲ ಈ ಮೊದಲರ್ಧವನ್ನು ಹಾರಿಸಿ ಮುಂದೆ ಹೋದವರೇ.

ಡ್ಯುಯಲ್ ಬೂಟ್ ಎಂದರೆ ಎರಡೂ ಒಟ್ಟಿಗೆ ಓಡುತ್ತವೆಯೇ?

ಇಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುತ್ತೀರಿ. ಇನ್ನೊಂದು ಅಷ್ಟು ಹೊತ್ತು ಡಿಸ್ಕಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಬದಲಾಯಿಸಬೇಕಾದರೆ ರೀಸ್ಟಾರ್ಟ್ ಮಾಡಲೇಬೇಕು. ಆರಿಸಿಕೊಂಡ ಓಎಸ್‌ಗೆ (ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಯಂತ್ರದ ಇಡೀ ರ‍್ಯಾಮ್, ಇಡೀ ಪ್ರೊಸೆಸರ್ ಸಿಗುತ್ತದೆ ಎಂಬುದೇ ಇದರ ದೊಡ್ಡ ಲಾಭ.

ನನಗೆ ಇದು ನಿಜವಾಗಿಯೂ ಬೇಕೇ?

ಇದನ್ನು ಕೇಳದೆ ಶುರು ಮಾಡುವವರೇ ಹೆಚ್ಚು. ಕಾಲೇಜಿನ ಲ್ಯಾಬಿಗೆ ನಾಲ್ಕು ಲಿನಕ್ಸ್ ಕಮಾಂಡ್ ಕಲಿತರೆ ಸಾಕು ಎನ್ನುವ ವಿದ್ಯಾರ್ಥಿಗೆ ಡಿಸ್ಕ್ ಒಡೆಯುವ ಅಗತ್ಯವಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಕಮಾಂಡ್‌ಗಳನ್ನು ಓಡಿಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ ಸಾಕು. ಲಿನಕ್ಸಿನ ಮುಖ ಹೇಗಿದೆ ಎಂದು ನೋಡಬೇಕಷ್ಟೇ ಎಂದರೆ, ವಿಂಡೋಸಿನ ಒಂದು ಕಿಟಕಿಯೊಳಗೆ ಇನ್ನೊಂದು ಓಎಸ್ ಓಡಿಸುವ ವರ್ಚುವಲ್‌ಬಾಕ್ಸ್ ಇದೆ. ಅದಕ್ಕೆ 8 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು, ಒಂದೇ ಯಂತ್ರದಲ್ಲಿ ಎರಡು ಓಎಸ್ ಆ ರ‍್ಯಾಮನ್ನು ಹಂಚಿಕೊಳ್ಳಬೇಕಲ್ಲ.

ಡ್ಯುಯಲ್ ಬೂಟ್ ನಿಜವಾಗಿ ಬೇಕಾಗುವುದು ಎರಡೂ ಕಡೆ ದಿನನಿತ್ಯದ ಕೆಲಸ ಇರುವವರಿಗೆ. ಲಿನಕ್ಸಿನಲ್ಲಿ ಪ್ರೋಗ್ರಾಂ ಬರೆಯುತ್ತ, ಸಂಜೆ ಅಪ್ಪನ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ನೋಡಬೇಕಾದವರು ಇದ್ದಾರೆ. ಆಫೀಸಿನ ಪತ್ರಗಳನ್ನು ನುಡಿ ತಂತ್ರಾಂಶದಲ್ಲೇ ಟೈಪ್ ಮಾಡಬೇಕಾದವರಿದ್ದಾರೆ. ಟ್ಯಾಲಿ, ನುಡಿ ಎರಡೂ ವಿಂಡೋಸಿಗೆಂದು ಮಾಡಿದವು. ಅಂಥವರಿಗೆ ವಿಂಡೋಸನ್ನು ಒಂದೇ ಸಲ ಬಿಟ್ಟುಬಿಡಿ ಎಂದು ಹೇಳುವುದು ನ್ಯಾಯವಲ್ಲ.

ಎಷ್ಟು ಜಾಗ ಬೇಕು? ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆಯೇ?

ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಬೇಕು. ಆರಾಮವಾಗಿ ಬಳಸಲು 4 ಜಿಬಿ ರ‍್ಯಾಮ್, 100 ಜಿಬಿ ಜಾಗ ಎಂದು ಮಿಂಟ್‌ನವರೇ ಹೇಳುತ್ತಾರೆ. ನನ್ನ ಅನುಭವದಲ್ಲಿ 60 ಜಿಬಿಗಿಂತ ಕಡಿಮೆ ಕೊಟ್ಟವರು ವರ್ಷದೊಳಗೆ ಜಾಗ ಸಾಲದೆ ಒದ್ದಾಡುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕೆಂದು ಕೇಳುತ್ತದೆ, ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೊರಗುಳಿದಿವೆ. ಅಂಥ ಯಂತ್ರದಲ್ಲಿ ಇಂಟರ್‌ನೆಟ್ ಕೆಲಸವನ್ನೆಲ್ಲ ಮಿಂಟ್‌ಗೆ ಕೊಟ್ಟು, ವಿಂಡೋಸ್ 10 ಅನ್ನು ಹಳೆಯ ಸಾಫ್ಟ್‌ವೇರ್‌ಗೆ, ಹಳೆಯ ಪ್ರಿಂಟರಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯ ಏರ್ಪಾಡು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆ ಯಂತ್ರ ಮತ್ತೆ ಕೆಲವು ವರ್ಷ ಬಾಳುತ್ತದೆ.

ಮೊದಲು ಯಾವುದನ್ನು ಹಾಕಬೇಕು?

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಲಿನಕ್ಸಿನ ಜೊತೆ ಬರುವ ಗ್ರಬ್ ಎಂಬ ಬೂಟ್ ಪ್ರೋಗ್ರಾಂ ವಿಂಡೋಸನ್ನು ಗುರುತಿಸಿ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ವಿಂಡೋಸ್ ಮಾತ್ರ ತನ್ನದನ್ನೇ ಮುಂದಿಟ್ಟುಕೊಳ್ಳುತ್ತದೆ, ಪಕ್ಕದಲ್ಲಿ ಇನ್ನೊಂದು ಓಎಸ್ ಇದೆಯೇ ಎಂದು ನೋಡುವುದಿಲ್ಲ.

ಪೆನ್‌ಡ್ರೈವ್ ಹಾಕುವ ಮೊದಲು ವಿಂಡೋಸಿನಲ್ಲಿ ಏನೇನು ಮಾಡಬೇಕು?

ಈ ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ.

ಮೊದಲನೆಯದು ಬ್ಯಾಕಪ್. ಅದೇ ಡಿಸ್ಕಿನ ಡಿ ಡ್ರೈವಿಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಬೇರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸಿನ ಸೌಲಭ್ಯ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಇದೆಯೇ ನೋಡಿ. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ 48 ಅಂಕಿಯ ರಿಕವರಿ ಕೀ ಹುಡುಕಿ, ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ. ಗ್ರಬ್ ಬಂದ ಮೇಲೆ ಬೂಟ್ ಆಗುವ ಕ್ರಮ ಬದಲಾಗುತ್ತದೆ. ಆಗ ವಿಂಡೋಸ್ ಅನುಮಾನಪಟ್ಟು ನೀಲಿ ಪರದೆಯಲ್ಲಿ ಈ ಕೀಯನ್ನೇ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನ ಫೈಲ್‌ಗಳನ್ನು ಯಾರಿಂದಲೂ ತೆಗೆಯಲಾಗದು. ಮನೆಯಲ್ಲೇ ಇರುವ ಲ್ಯಾಪ್‌ಟಾಪ್ ಆದರೆ ಎನ್‌ಕ್ರಿಪ್ಷನ್ನನ್ನು ಆಫ್ ಮಾಡಿ, ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೂ ಕಾದು ಮುಂದುವರಿಯುವುದು ನೆಮ್ಮದಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಬಂದ ಸೌಲಭ್ಯ ಇದು. ನೀವು ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ತನ್ನ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಬಂದು ವಿಂಡೋಸಿನ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆ ಕೊಟ್ಟ ಪಾಲು) ಮುಟ್ಟಿದರೆ ಫೈಲ್‌ಗಳು ಕೆಡಬಹುದು. ಅದಕ್ಕೇ ಲಿನಕ್ಸ್ ಆ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅದರಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆಯಿರಿ. ಟಿಕ್ ಮಸುಕಾಗಿದ್ದರೆ ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಕೊಂಡಿ ಒತ್ತಬೇಕು.

ನಾಲ್ಕನೆಯದು ಜಾಗ ಬಿಡಿಸುವುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಅದು ಎಂಬಿಯಲ್ಲಿ ಕೇಳುತ್ತದೆ, 100 ಜಿಬಿ ಬೇಕಾದರೆ 102400 ಎಂದು ಹಾಕಿ. ಮುಗಿದ ಮೇಲೆ ಸಿ ಪಕ್ಕದಲ್ಲಿ ಕಪ್ಪು ಪಟ್ಟಿಯ ಒಂದು ಖಾಲಿ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಫಾರ್ಮ್ಯಾಟ್ ಮಾಡಿ ಡ್ರೈವ್ ಅಕ್ಷರ ಕೊಡಬೇಡಿ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಾರ್ಟಿಷನ್ ಬದಲಾಗುತ್ತಿರುವಾಗ ಕರೆಂಟ್ ಹೋದರೆ ಎರಡೂ ಓಎಸ್ ಏಳದೆ ಹೋಗಬಹುದು. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿಯೇ ಇರಲಿ.

ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ ಇದೆ, ಆದರೆ ಶ್ರಿಂಕ್ ಮಾಡಲು 12 ಜಿಬಿ ಮಾತ್ರ ಬಿಡುತ್ತಿದೆ. ಯಾಕೆ?

ಡ್ರೈವಿನ ನಡುವೆ ಎಲ್ಲೋ ಕದಲಿಸಲಾಗದ ಫೈಲ್‌ಗಳು ಕೂತಿವೆ: ಹೈಬರ್ನೇಷನ್ ಫೈಲ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ದಾಖಲೆಗಳು. ಹೈಬರ್ನೇಷನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಈ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಹಳ ಸಲ ಇಷ್ಟರಲ್ಲೇ ದಾರಿ ಬಿಡುತ್ತದೆ. ಕೆಲಸ ಮುಗಿದ ಮೇಲೆ ಪೇಜ್ ಫೈಲನ್ನು ಮತ್ತೆ ಆನ್ ಮಾಡಲು ಮರೆಯಬೇಡಿ.

ಪೆನ್‌ಡ್ರೈವ್ ತಯಾರಿ ಹೇಗೆ?

8 ಜಿಬಿಯದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ಇನ್‌ಸ್ಟಾಲರ್ ಒಂದೇ ಫೈಲಾಗಿ ಇರುವುದು) ಅವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಅಥವಾ ಬಲೇನಾ ಎಚ್ಚರ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಇಳಿಸಿದ ಫೈಲ್ ಪೂರ್ತಿ ಬಂದಿದೆಯೇ ಎಂದು ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ) ತಾಳೆ ನೋಡುವುದು ಎರಡು ನಿಮಿಷದ ಕೆಲಸ. ನಡುವೆ ನೆಟ್ ಕಡಿದು ಅರ್ಧ ಬಂದ ಫೈಲಿನಿಂದ ಇನ್‌ಸ್ಟಾಲ್ ಶುರು ಮಾಡಿ ಶೇಕಡಾ 70ಕ್ಕೆ ನಿಂತುಹೋದ ಕತೆಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಯಾವ ಕೀ?

ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್ (ಓಎಸ್ ಏಳುವ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಎಫ್12 ಬೂಟ್ ಮೆನುವನ್ನು ಆನ್ ಮಾಡಬೇಕು. ಕೀ ಒತ್ತುವುದು ಲೋಗೊ ಬಂದ ಮೇಲಲ್ಲ. ಪವರ್ ಬಟನ್ ಒತ್ತಿದ ಕ್ಷಣದಿಂದಲೇ ಟಕಟಕ ಒತ್ತುತ್ತಿರಿ.

ಮಿಂಟ್ ತೆರೆದುಕೊಂಡ ಮೇಲೆ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವಿನಿಂದಲೇ ಓಡುತ್ತಿರುವಾಗ ವೈಫೈ, ಸ್ಪೀಕರ್, ಟಚ್‌ಪ್ಯಾಡ್, ವೆಬ್‌ಕ್ಯಾಮ್ ಎಲ್ಲ ನೋಡಿಕೊಳ್ಳಿ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕೇ?

ಬೇಡ. ಸೆಕ್ಯೂರ್ ಬೂಟ್ ಎಂದರೆ ನಂಬಿಕೆಯ ಸಹಿ ಇಲ್ಲದ ಬೂಟ್ ಪ್ರೋಗ್ರಾಂಗಳನ್ನು ತಡೆಯುವ ಕಾವಲು, ಉಬುಂಟು, ಮಿಂಟ್ ಎರಡೂ ಅದು ಇದ್ದ ಹಾಗೇ ಓಡುತ್ತವೆ. ಎನ್ವಿಡಿಯಾ ಡ್ರೈವರ್ ಇತ್ಯಾದಿ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆಯೊಂದು ಬಂದು ‘ಎನ್‌ರೋಲ್ ಎಂಒಕೆ’ ಎನ್ನುತ್ತದೆ. ಹೆದರಬೇಡಿ, ಅದನ್ನೇ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಗಾಬರಿಯಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಕೆಲಸ ಮಾಡುವುದಿಲ್ಲ.

ಇನ್‌ಸ್ಟಾಲರಿಗೆ ನನ್ನ ಎಸ್‌ಎಸ್‌ಡಿ ಕಾಣುತ್ತಲೇ ಇಲ್ಲ. ಪೆನ್‌ಡ್ರೈವ್ ಮಾತ್ರ ತೋರಿಸುತ್ತಿದೆ.

ಇಂಟೆಲ್ ಯಂತ್ರಗಳಲ್ಲಿ ಬಯಾಸ್‌ನ ಸ್ಟೋರೇಜ್ ಭಾಗ ಆರ್‌ಎಸ್‌ಟಿ, ರೇಡ್ ಅಥವಾ ವಿಎಂಡಿ ಎಂದಿದ್ದರೆ ಹೀಗಾಗಬಹುದು. ಎಎಚ್‌ಸಿಐಗೆ ಬದಲಾಯಿಸಬೇಕು. ಆದರೆ ನೇರವಾಗಿ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸಿನಲ್ಲಿ ಮುಂದಿನ ಬೂಟ್ ಸೇಫ್ ಮೋಡಿನಲ್ಲಿ ಆಗುವಂತೆ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಸೇಫ್ ಮೋಡಿನಲ್ಲಿ ವಿಂಡೋಸ್ ಎದ್ದು ಸರಿಯಾದ ಡ್ರೈವರ್ ಹಿಡಿದುಕೊಂಡ ಮೇಲೆ ಮಾಮೂಲಿ ಬೂಟಿಗೆ ಮರಳಿ. ಇಲ್ಲೂ ಬಿಟ್‌ಲಾಕರ್ ಕೀ ಕೈಯಲ್ಲಿರಬೇಕು.

ಡಿಸ್ಕಿನ ಬಗ್ಗೆ ಕೇಳುವ ಪುಟದಲ್ಲಿ ಏನು ಆರಿಸಬೇಕು?

ಅಲ್ಲಿ ಮೂರು ಸಾಲು ಇರುತ್ತವೆ. ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಅಲಾಂಗ್‌ಸೈಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಎಂದರೆ ವಿಂಡೋಸ್ ಪಕ್ಕದಲ್ಲಿ. ‘ಎರೇಸ್ ಡಿಸ್ಕ್’ ಎಂದರೆ ಡಿಸ್ಕಿನ ಮೇಲಿರುವುದನ್ನೆಲ್ಲ ಅಳಿಸಿ. ‘ಸಮ್‌ಥಿಂಗ್ ಎಲ್ಸ್’ ಎಂದರೆ ನಾನೇ ಪಾರ್ಟಿಷನ್ ಮಾಡುತ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಕೂತೆ. ಊರಿಗೆ ಹೊರಡುವ ಬಸ್ಸಿಗೆ ಇನ್ನು ಒಂದು ಗಂಟೆ ಇತ್ತು. ಮೊದಲ ಸಾಲು ಆ ದಿನ ಪರದೆಯ ಮೇಲೆ ಬಂದೇ ಇರಲಿಲ್ಲ, ಇನ್‌ಸ್ಟಾಲರ್ ವಿಂಡೋಸನ್ನು ಗುರುತಿಸಿರಲಿಲ್ಲ. ಅಭ್ಯಾಸಬಲದಿಂದ ಮೇಲಿನ ಸಾಲನ್ನೇ ಒಪ್ಪಿ ಮುಂದೆ ಒತ್ತಿದೆ. ಅದು ಎರೇಸ್ ಡಿಸ್ಕ್ ಆಗಿತ್ತು. ಎಚ್ಚರಿಕೆಯ ಕಿಟಕಿ ಬಂತು, ಓದದೆ ಅದನ್ನೂ ಒತ್ತಿದೆ. ಅಕ್ಕನ ಮಗಳ ನಾಮಕರಣದ ಫೋಟೋಗಳು, ಭಾವ ಬರೆದಿಟ್ಟ ಪಾಠದ ಟಿಪ್ಪಣಿಗಳು, ಎಲ್ಲ ಹೋದವು. ರಿಕವರಿ ಸಾಫ್ಟ್‌ವೇರಿನಿಂದ ಕೆಲವು ಫೋಟೋ ಸಿಕ್ಕವು, ಅರ್ಧ ಚಿತ್ರ, ಅರ್ಧ ಬೂದು ಬಣ್ಣ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ಬ್ಯಾಕಪ್ ನನ್ನ ಕಣ್ಣಿಗೆ ಬೀಳದೆ ಯಾರ ಯಂತ್ರವನ್ನೂ ಮುಟ್ಟುವುದಿಲ್ಲ.

ಹಾಗಾಗಿ ಮೊದಲ ಸಾಲು ಕಾಣದಿದ್ದರೆ ಅಲ್ಲೇ ನಿಲ್ಲಿ. ಬಿಟ್‌ಲಾಕರ್, ಫಾಸ್ಟ್ ಸ್ಟಾರ್ಟಪ್, ಅಥವಾ ಪೆನ್‌ಡ್ರೈವ್ ಹಳೆಯ ಲೆಗಸಿ ಕ್ರಮದಲ್ಲಿ ಬೂಟ್ ಆಗಿರುವುದು, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ಕ್ರಮದಲ್ಲಿದ್ದರೆ ಲಿನಕ್ಸೂ ಅದೇ ಕ್ರಮದಲ್ಲಿ ಕೂರಬೇಕು.

‘ಸಮ್‌ಥಿಂಗ್ ಎಲ್ಸ್’ ಆರಿಸಿದರೆ ಪಾರ್ಟಿಷನ್ ಹೇಗೆ ಮಾಡಲಿ?

ನೀವು ಬಿಡಿಸಿಟ್ಟ ಖಾಲಿ ಜಾಗವನ್ನು ಅದರ ಗಾತ್ರ ನೋಡಿ ಗುರುತಿಸಿ. ಅಲ್ಲಿ ಒಂದು ಇಎಕ್ಸ್‌ಟಿ4 (ಲಿನಕ್ಸ್ ತನ್ನ ಫೈಲ್‌ಗಳನ್ನು ಇಡುವ ಕ್ರಮ) ಪಾರ್ಟಿಷನ್ ಮಾಡಿ, ಮೌಂಟ್ ಪಾಯಿಂಟ್ ಜಾಗದಲ್ಲಿ ಬರೀ ಒಂದು ಓರೆಗೆರೆ (/) ಕೊಡಿ. ಅದೇ ರೂಟ್, ಲಿನಕ್ಸಿನ ಎಲ್ಲ ಫೈಲ್‌ಗಳ ಬುಡ. ಹೊಸಬರಿಗೆ ಅಷ್ಟು ಸಾಕು. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬೇರೆ ಪಾರ್ಟಿಷನ್ ಬೇಕಿಲ್ಲ, ಈಗ ಅದನ್ನು ಒಂದು ಫೈಲಾಗಿ ಅದೇ ಮಾಡಿಕೊಳ್ಳುತ್ತದೆ. ವಿಂಡೋಸ್ ಮಾಡಿಟ್ಟ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್ ಅಲ್ಲೇ ಕಾಣುತ್ತದೆ. ಎರಡೂ ಓಎಸ್ ಅದನ್ನು ಹಂಚಿಕೊಳ್ಳುತ್ತವೆ. ಅದಕ್ಕೆ ಫಾರ್ಮ್ಯಾಟ್ ಟಿಕ್ ಹಾಕಿದರೆ ವಿಂಡೋಸಿನ ಬೂಟ್ ಫೈಲ್‌ಗಳು ಅಳಿಸಿಹೋಗುತ್ತವೆ.

ಎಲ್ಲ ಮುಗಿಯಿತು, ಆದರೆ ಪಟ್ಟಿಯೇ ಬರದೆ ನೇರ ವಿಂಡೋಸ್ ತೆರೆಯುತ್ತಿದೆ.

ಬಯಾಸ್ ಒಳಗೆ ಹೋಗಿ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬುದನ್ನು ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೇಲಕ್ಕೆ ತನ್ನಿ. ಮಿಂಟ್ ಹಾಕಿದರೂ ಅಲ್ಲಿ ಹೆಸರು ಉಬುಂಟು ಎಂದೇ ಇರುತ್ತದೆ.

ತದ್ವಿರುದ್ಧವಾಗಿ, ಪಟ್ಟಿ ಬಂದು ಅದರಲ್ಲಿ ವಿಂಡೋಸ್ ಇಲ್ಲದಿದ್ದರೆ: ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಎಂಬ ಪುಟ್ಟ ಪ್ರೋಗ್ರಾಂ 2021ರಲ್ಲಿ ಬಂದ ಗ್ರಬ್ 2.06ರಿಂದ ತಾನಾಗಿ ಓಡದಿರಬಹುದು. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದರ ಮೇಲಿನ ತಡೆಯನ್ನು ‘ಫಾಲ್ಸ್’ ಎಂದು ಬದಲಾಯಿಸಿ, ಟರ್ಮಿನಲ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಿದರೆ ವಿಂಡೋಸ್ ಪಟ್ಟಿಗೆ ಬರುತ್ತದೆ.

ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುತ್ತದೆ!

ಈ ಐದೂವರೆಯಲ್ಲೇ ಉತ್ತರವಿದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಜಾಗತಿಕ ಸಮಯ ಎಂದು ಲಿನಕ್ಸ್ ನಂಬುತ್ತದೆ. ಬೆಳಿಗ್ಗೆ 10ಕ್ಕೆ ಲಿನಕ್ಸ್ ಅಲ್ಲಿ 4:30 ಎಂದು ಬರೆದಿಟ್ಟರೆ, ವಿಂಡೋಸ್ ಬಂದು ಅದನ್ನೇ ಬೆಳಗಿನ ಜಾವ ನಾಲ್ಕೂವರೆ ಎಂದು ಓದುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗಿ ಇದಕ್ಕಾಗಿ ರಿಪೇರಿ ಅಂಗಡಿಗೆ ಹೋಗಿ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸೀಮಾಸ್ ಬ್ಯಾಟರಿ ಬದಲಾಯಿಸಿಕೊಂಡು ಬಂದಳು. ಹೊಸ ಬ್ಯಾಟರಿಯಲ್ಲೂ ಅದೇ ಐದೂವರೆ ಗಂಟೆ ವ್ಯತ್ಯಾಸ. ಬ್ಯಾಟರಿ ಸತ್ತಿದ್ದರೆ ಸಮಯ ಪ್ರತಿ ಸಲವೂ ಇಷ್ಟು ಕರಾರುವಾಕ್ಕಾಗಿ ತಪ್ಪುವುದಿಲ್ಲ.

ಪರಿಹಾರ: ಲಿನಕ್ಸಿನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಕಮಾಂಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಲ ಕೊಟ್ಟರೆ ಅದೂ ಸ್ಥಳೀಯ ಸಮಯವನ್ನೇ ಬಳಸುತ್ತದೆ.

ಎರಡೂ ಕಡೆಯಿಂದ ಒಂದೇ ಫೈಲ್‌ಗಳನ್ನು ಬಳಸಬಹುದೇ?

ಬಳಸಬಹುದು. ಲಿನಕ್ಸ್ ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ನನ್ನು ಓದುತ್ತದೆ, ಬರೆಯುತ್ತದೆ. ವಿಂಡೋಸ್ ಮಾತ್ರ ಇಎಕ್ಸ್‌ಟಿ4 ಅನ್ನು ತಾನಾಗಿ ಓದುವುದಿಲ್ಲ. ಅಪ್ಪಿತಪ್ಪಿ ‘ಫಾರ್ಮ್ಯಾಟ್ ಮಾಡಲೇ?’ ಎಂದು ಅದು ಕೇಳಿದರೆ ಬೇಡ ಎನ್ನಿ. ಸಾಮಾನ್ಯ ಕಡತಗಳಿಗೆ ಡಿ ಡ್ರೈವನ್ನು ಎನ್‌ಟಿಎಫ್‌ಎಸ್ ಆಗಿ ಇಟ್ಟುಕೊಂಡು ಎರಡೂ ಕಡೆ ಬಳಸಿ. ಲಿನಕ್ಸಿನಿಂದ ಸಿ ಡ್ರೈವಿನೊಳಗೆ ಏನನ್ನೂ ಅಳಿಸದಿರುವುದು ಒಳ್ಳೆಯ ಅಭ್ಯಾಸ.

ವಿಂಡೋಸ್ ಅಪ್‌ಡೇಟ್ ಲಿನಕ್ಸನ್ನು ಹಾಳುಮಾಡುತ್ತದಂತೆ, ನಿಜವೇ?

ದೊಡ್ಡ ಅಪ್‌ಡೇಟ್‌ಗಳ ನಂತರ ಬೂಟ್ ಕ್ರಮ ಬದಲಾಗಿ ವಿಂಡೋಸ್ ಮೇಲಕ್ಕೆ ಬರುವುದುಂಟು. ಲಿನಕ್ಸ್ ಹೋಗಿರುವುದಿಲ್ಲ, ಬಯಾಸ್‌ನಲ್ಲಿ ಕ್ರಮ ಸರಿಮಾಡಿದರಾಯಿತು. 2024ರ ಆಗಸ್ಟಿನ ಅಪ್‌ಡೇಟ್ ಮಾತ್ರ ಬೇರೆ ಥರ. ಹಳೆಯ, ಅಸುರಕ್ಷಿತ ಬೂಟ್ ಪ್ರೋಗ್ರಾಂಗಳನ್ನು ತಡೆಯಲು ಬಂದ ಬದಲಾವಣೆ ಡ್ಯುಯಲ್ ಬೂಟ್ ಯಂತ್ರಗಳನ್ನು ಮುಟ್ಟುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೂ ಅನೇಕರ ಲಿನಕ್ಸ್ ‘ಸೆಕ್ಯುರಿಟಿ ಪಾಲಿಸಿ ವಯೊಲೇಷನ್’ ಎಂದು ನಿಂತುಹೋಯಿತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಲಿನಕ್ಸ್ ಒಳಗೆ ಹೋಗಿ ಸರಿಪಡಿಸಬೇಕಾಯಿತು. ಲಿನಕ್ಸನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿರಿ, ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅಳಿಸದೆ ಬೀರುವಿನಲ್ಲಿಡಿ.

ಡೆಸ್ಕ್‌ಟಾಪಿನಲ್ಲಿ ಎರಡನೆಯ ಎಸ್‌ಎಸ್‌ಡಿ ಹಾಕುವಷ್ಟು ಅನುಕೂಲವಿದ್ದರೆ ಒಂದೊಂದು ಓಎಸ್‌ಗೆ ಒಂದೊಂದು ಡಿಸ್ಕ್ ಕೊಡಿ. ಆಗ ಲಿನಕ್ಸ್ ಹಾಕುವಾಗ ವಿಂಡೋಸಿನ ಡಿಸ್ಕಿನ ಕೇಬಲ್ ತೆಗೆದಿಟ್ಟರೆ ಅದಕ್ಕೆ ಏನೂ ಆಗುವ ಭಯವಿಲ್ಲ.

ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ? ನುಡಿಯ ಹಳೆಯ ಫೈಲ್‌ಗಳ ಗತಿ ಏನು?

ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಕ್ರಮ ಲಿನಕ್ಸಿನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ಪ್ರೋಗ್ರಾಂಗಳನ್ನು ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿರುತ್ತದೆ. ನುಡಿಯಲ್ಲಿ ಓಡಿದ ಬೆರಳು ಇಲ್ಲೂ ಓಡುತ್ತದೆ. ಅಕ್ಷರಗಳಿಗೆ ನೋಟೊ, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳಿವೆ.

ನುಡಿಯ ಹಳೆಯ ಫೈಲ್‌ಗಳು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್ ಕ್ರಮದಲ್ಲಿಲ್ಲ. ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆಯೆಂದು ಅಳಿಸಬೇಡಿ, ಆ ಫಾಂಟ್ ಅಲ್ಲಿಲ್ಲ ಅಷ್ಟೇ. ವಿಂಡೋಸಿನಲ್ಲಿ ಇರುವಾಗಲೇ ಅವನ್ನು ಯುನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಎರಡೂ ಕಡೆ, ಮೊಬೈಲಿನಲ್ಲೂ ಓದಬಹುದು. ನಿಮ್ಮ ಬರಹ ಒಂದು ಓಎಸ್‌ನ ಒಳಗೆ ಸೆರೆಯಾಗಬಾರದು, ಈ ಕೆಲಸವನ್ನು ಮುಂದೂಡಬೇಡಿ.

ಬ್ಲೂಟೂತ್ ಇಯರ್‌ಫೋನ್ ಪ್ರತಿ ಸಲವೂ ಹೊಸದಾಗಿ ಪೇರ್ ಮಾಡಬೇಕಾಗಿದೆ.

ಎರಡು ಓಎಸ್‌ಗಳೂ ಬೇರೆ ಬೇರೆ ಗುಟ್ಟಿನ ಕೀ ಇಟ್ಟುಕೊಳ್ಳುತ್ತವೆ, ಇಯರ್‌ಫೋನಿಗೆ ಮಾತ್ರ ಲ್ಯಾಪ್‌ಟಾಪ್ ಒಂದೇ. ಒಂದು ಕಡೆಯ ಕೀಯನ್ನು ಇನ್ನೊಂದು ಕಡೆಗೆ ನಕಲು ಮಾಡುವ ದಾರಿ ಇದೆ, ಆದರೆ ಹೊಸಬರಿಗೆ ಮತ್ತೆ ಪೇರ್ ಮಾಡುವುದೇ ಸುಲಭ.

ಮ್ಯಾಕ್‌ನಲ್ಲಿ?

ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಬಹುದಿತ್ತು. ಎಂ ಸರಣಿಯ ಚಿಪ್ ಇರುವವುಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಎಂ1, ಎಂ2 ಯಂತ್ರಗಳಲ್ಲಿ ಲಿನಕ್ಸ್ ಬೇಕೆನ್ನುವವರಿಗೆ ಅಸಾಹಿ ಲಿನಕ್ಸ್ ಇದೆ.

ಲಿನಕ್ಸ್ ಬೇಡವಾಯಿತು. ತೆಗೆಯುವುದು ಹೇಗೆ?

ಮೊದಲು ಲಿನಕ್ಸಿನಲ್ಲಿರುವ ನಿಮ್ಮ ಫೈಲ್‌ಗಳನ್ನು ಹೊರಗೆ ತೆಗೆದಿಟ್ಟುಕೊಳ್ಳಿ. ಆಮೇಲೆ ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ಗ್ರಬ್ ಇಲ್ಲದೆ ವಿಂಡೋಸ್ ನೇರವಾಗಿ ಏಳುತ್ತದೆಯೇ ಎಂದು ನೋಡಿ. ಪಾರ್ಟಿಷನ್ ಮೊದಲು ಅಳಿಸಿ ಬೂಟ್ ಕ್ರಮ ಆಮೇಲೆ ನೋಡಿದರೆ ‘ಗ್ರಬ್ ರೆಸ್ಕ್ಯೂ’ ಎಂಬ ಕಪ್ಪು ಪರದೆಯ ಮುಂದೆ ಕೂರಬೇಕಾಗುತ್ತದೆ. ವಿಂಡೋಸ್ ಸರಿಯಾಗಿ ಎದ್ದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲಿನಕ್ಸಿನ ಪಾರ್ಟಿಷನ್ನನ್ನು ಗಾತ್ರ ನೋಡಿ ಗುರುತಿಸಿ, ಡಿಲೀಟ್ ಮಾಡಿ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಕೊಡಿ. ಅಂದು ಸಿಯಿಂದಲೇ ಬಿಡಿಸಿದ ಜಾಗ ಅದರ ಮಗ್ಗುಲಲ್ಲೇ ಇರುವುದರಿಂದ ಮತ್ತೆ ಸಿಗೇ ಸೇರಿಕೊಳ್ಳುತ್ತದೆ.